ಬಲಗಡೆ ಬಾಗಿಲಿನ ಸ್ಪೀಕರ್

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿಯಿದೆ. ಅದರಲ್ಲಿ ಕಾರಿನ ಎರಡು ಹಳೆಯ ಸ್ಪೀಕರುಗಳಿವೆ. ಕಾರು ಕಂಪನಿಯಿಂದ ಬರುವಾಗಲೇ ಬಾಗಿಲಲ್ಲಿ ಕೂತು ಬಂದಂಥವು. ಕಾಗದದ ಕೋನು, ಬಿಸ್ಕತ್ತಿನಷ್ಟು ಮ್ಯಾಗ್ನೆಟ್ಟು. ಗುಜರಿಯವನು ಕೂಡ ಕೈಯಲ್ಲಿ ತೂಗಿ ನೋಡಿ ವಾಪಸ್ ಇಡುವಂಥ ಸಾಮಾನು. ನಾನು ಅವನ್ನು ಬಿಸಾಡಿಲ್ಲ. ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಹಚ್ಚುವಾಗ ನನ್ನ ಹೆಂಡತಿ ಆ ಡಬ್ಬಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ.

ಆ ಎರಡನ್ನು ತೆಗೆದು ಹೊಸವನ್ನು ಕೂರಿಸಲು ನನಗೆ ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನಗಳಲ್ಲಿ ನನ್ನ ಹೆಂಡತಿಯ ಬಲಗಿವಿ ಸತ್ತುಹೋಯಿತು. ಕಾರಿನ ಬಾಗಿಲಲ್ಲಿ ಏನು ಕೆಟ್ಟಿದೆ ಎಂದು ಹುಡುಕುತ್ತ ಕೂತಿದ್ದ ನನಗೆ, ಕೈಗೆಟುಕುವಷ್ಟು ಹತ್ತಿರ ಕೂತಿದ್ದವಳ ಕಿವಿ ಕೆಟ್ಟದ್ದು ತಿಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಓದುವವರನ್ನು ಕಾಯಿಸುವ ಮನಸ್ಸು ನನಗಿಲ್ಲ.

ನಾನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಕಾಲುವೆ ಗೇಟಿನ ಮೋಟರು, ಸ್ಟಾರ್ಟರು, ಪಂಪು, ಸಾಹೇಬರ ಕ್ವಾರ್ಟರ್ಸಿನ ಫ್ಯಾನು, ಹೀಗೆ ಕೆಟ್ಟದ್ದೆಲ್ಲ ನನ್ನ ಕೈಗೆ ಬರುತ್ತಿತ್ತು. ಅಷ್ಟು ವರ್ಷ ಯಂತ್ರಗಳ ಜೊತೆ ಬಾಳ್ವೆ ಮಾಡಿದ ಮೇಲೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ಕೈ ಮೊದಲು ಸ್ಕ್ರೂಡ್ರೈವರಿಗೆ ಹೋಗುತ್ತದೆ. ಇನ್ನು ಮಾತು ಅಂತೀರಾ, ಅದು ನನ್ನ ಹತ್ತಿರ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮನೆಯಲ್ಲಿ ನನ್ನ ಪಾಲಿನ ಮಾತು ಎಂದರೆ "ಹೂಂ". ಸಿಟ್ಟು ಬಂದರೆ ಮಾತ್ರ ಇನ್ನೆರಡು ಶಬ್ದ ಜಾಸ್ತಿ.

ನನ್ನ ಹೆಂಡತಿ ಸುರಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಸರಕಾರಿ ಶಾಲೆಯ ಟೀಚರು. ಒಂದನೇ, ಎರಡನೇ ಇಯತ್ತೆಯ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ. ನಮ್ಮ ಮನೆ ಶಹಾಪುರದಲ್ಲಿ. ಅಷ್ಟು ವರ್ಷವೂ ಅವಳು ಬಸ್ಸಿನಲ್ಲಿ ಜೋತು ಬಿದ್ದು ಹೋಗಿ ಬಂದವಳು. ನಾನು ನಿವೃತ್ತನಾದ ಮೇಲೆ ಒಂದು ಹಳೆಯ ಕಾರು ಕೊಂಡು, "ಇನ್ನ ಮ್ಯಾಲ ಬಸ್ಸು ಬ್ಯಾಡ, ನಾ ಬಿಟ್ಟು ಬರ್ತೀನಿ" ಎಂದೆ. ಇದ್ದುದರಲ್ಲಿ ನಾನು ಅವಳಿಗೆ ಹೇಳಿದ ದೊಡ್ಡ ಪ್ರೀತಿಯ ಮಾತು ಅದೇ ಇರಬೇಕು.

ಬೆಳಿಗ್ಗೆ ಬಿಟ್ಟು ಬರುವುದು, ಸಂಜೆ ಹೋಗಿ ಕರೆದುಕೊಂಡು ಬರುವುದು. ದಾರಿಯುದ್ದಕ್ಕೂ ಅವಳು ಮಾತಾಡುತ್ತಿದ್ದಳು. ಯಾವ ಮಗು ಬಳಪ ತಿಂದಿತು, ಬಿಸಿಯೂಟದ ಸಾರಿಗೆ ಉಪ್ಪು ಹೆಚ್ಚಾಗಿ ಅಡುಗೆಯವಳು ಹೇಗೆ ತಪ್ಪನ್ನು ಮಿಕ್ಕವರ ಮೇಲೆ ಹಾಕಿದಳು, ಹೊಸ ಹೆಡ್‌ಮಾಸ್ಟರಿಗೆ ಸಹಿ ಹಾಕಲು ಯಾಕೆ ಅಷ್ಟು ಹೊತ್ತು ಬೇಕು, ಇಂಥವು. ನಾನು ಹೂಂ ಎನ್ನುತ್ತಿದ್ದೆ. ಅವಳ ಮಾತು ಮುಗಿದರೆ ಪೆನ್‌ಡ್ರೈವಿನ ಹಳೆಯ ಹಾಡುಗಳು. ನನಗಂತೂ ಅದು ಸುಖದ ಕಾಲ. ಅವಳಿಗೂ ಹಾಗೇ ಇದ್ದಿರಬೇಕೆಂದು ನಾನು ಅಂದುಕೊಂಡಿದ್ದೆ, ಕೇಳಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ. ಬಿಸಿಲು ಆಗಲೇ ತಲೆ ಸುಡುತ್ತಿತ್ತು. ಕಾರಿನ ಎಸಿ ನಾವು ಕೊಳ್ಳುವ ಮೊದಲೇ ಪ್ರಾಣ ಬಿಟ್ಟಿದ್ದರಿಂದ ಗಾಜು ಇಳಿಸಿಯೇ ಓಡಾಟ. ಶಾಲೆ ಬಿಟ್ಟು ಮನೆಗೆ ಬರುತ್ತಿದ್ದಾಗ ಅವಳು ಹಾಡು ಕೇಳುತ್ತ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದಳು.

"ನಿಮ್ಮ ಕಡಿ ಸ್ಪೀಕರ್ ಕೆಟ್ಟದೇನ್ರಿ? ಬರೇ ಈ ಕಡಿಂದಷ್ಟ ಸಪ್ಳ ಬರಾಕತ್ತದ."

"ನಿನ್ನಿತನ ಬರ್ತಿತ್ತಲ್ಲ?"

"ನಿನ್ನಿ ಬರ್ತಿತ್ತು. ಇವತ್ತ ಇಲ್ಲ ನೋಡ್ರಿ."

ಸ್ಟೀರಿಂಗು ಹಿಡಿದುಕೊಂಡೇ ಬಲಗಡೆಗೆ ಬಾಗಿ ಕಿವಿ ಕೊಟ್ಟೆ. ಸಪ್ಪಳ ಬರುತ್ತಿತ್ತು. ಆದರೆ ಸ್ವಲ್ಪ ಕರಕರ ಎನ್ನುತ್ತಿತ್ತು. ನನಗೆ ಅಷ್ಟು ಸಾಕಾಯಿತು. ನನ್ನ ಕಿವಿಗಿಂತ ಅವಳ ಕಿವಿಯ ಮೇಲೆ ನನಗೆ ನಂಬಿಕೆ ಹೆಚ್ಚು. ಮೋಟರುಗಳ ಪಕ್ಕ ನಿಂತು ನಿಂತು ನನ್ನ ಕಿವಿ ಮೊಂಡಾಗಿತ್ತು. ಅವಳದೋ, ಹಿಂದಿನ ಸಾಲಿನಲ್ಲಿ ಯಾರು ಪಿಸುಗುಟ್ಟಿದರೂ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೆಸರು ಹಿಡಿದು ಕೂಗುವಂಥ ಕಿವಿ. ಪಡಸಾಲೆಯಲ್ಲಿ ಕೂತು ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದಳು. ಅಂಥವಳು ಸಪ್ಪಳ ಇಲ್ಲ ಎಂದರೆ ಸ್ಪೀಕರೇ ಕೆಟ್ಟಿರಬೇಕು. ಬೇರೆ ವಿಚಾರ ನನ್ನ ತಲೆಗೆ ಹತ್ತಿರವೂ ಸುಳಿಯಲಿಲ್ಲ.

ಅವತ್ತೇ ಸಂಜೆ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ ಬಲಗಡೆ ಬಾಗಿಲು ಬಿಚ್ಚಿದೆ. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಲಗೆಯನ್ನು ಹಿಡಿದಿಡುವ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಚಟಚಟ ಮುರಿದವು. ಅಡುಗೆ ಮನೆಯಿಂದ ದೋಸೆ ಮಗುಚುವ ಚಪ್ಪಟೆ ಸೌಟು ತಂದು ಮೆಲ್ಲಗೆ ಮೀಟಿ ತೆಗೆದೆ. ಒಳಗೆ ಕಪ್ಪು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ಎರಡು ಬೆರಳು ದಪ್ಪ ಧೂಳು, ಹತ್ತಿಯ ಎಳೆ, ಹಿಂದಿನ ಮಾಲೀಕನ ಮನೆಯ ಯಾವುದೋ ಮಗುವಿನ ಒಂದು ಬಳೆ ಚೂರು. ಸ್ಪೀಕರು ಹೊರತೆಗೆದು ಬೆಳಕಿಗೆ ಹಿಡಿದೆ. ಅದರ ಕಾಗದದ ಕೋನು ಅಂಚಿನಲ್ಲಿ ಒಂದು ಉಗುರಿನಷ್ಟು ಹರಿದಿತ್ತು.

ಆ ಹರಕು ನೋಡಿ ನನಗಾದ ಸಂತೋಷವನ್ನು ನೆನೆದರೆ ಇವತ್ತೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ. ಹೆಂಡತಿಯನ್ನು ಕೂಗಿ ಕರೆದೆ.

"ನೋಡು, ಹರದದ! ನಿನ್ನ ಕಿವಿಗಿ ಸುಳ್ಳ ಹೇಳಾಕ ಬರಂಗಿಲ್ಲ."

ಅವಳೂ ಬಗ್ಗಿ ನೋಡಿ ನಕ್ಕಳು. ತನ್ನ ಮಾತು ನಿಜವಾದದ್ದಕ್ಕೆ ಅವಳಿಗೂ ಖುಷಿಯಾದಂತಿತ್ತು. ಅವಳಿಗೂ ಅವತ್ತು ಗೊತ್ತಿರಲಿಲ್ಲ ಎಂಬುದಷ್ಟೇ ನನಗಿರುವ ಸಮಾಧಾನ.

ಹರಿದ ಕೋನಿಗೆ ತೆಳು ಕಾಗದ ಅಂಟಿಸಿ ಕೂರಿಸಿದ್ದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆಗ ಅವಳಿಗೆ ಮತ್ತೂ ಕೇಳಿಸದೆ ನಿಜ ಸಂಗತಿ ಮರುದಿನವೇ ಹೊರಬೀಳುತ್ತಿತ್ತು. ಆದರೆ ನನಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಕಂಪನಿಯವರು ಹಾಕಿಕೊಟ್ಟ ಸ್ಪೀಕರು ಯಾವತ್ತಿದ್ದರೂ ಅಗ್ಗದ್ದು, ಹಾಕುವುದಾದರೆ ಒಳ್ಳೆಯದನ್ನೇ ಹಾಕಬೇಕು, ಅದೂ ಯಾವ ಮೆಕ್ಯಾನಿಕ್ಕಿನ ಕೈಗೂ ಕೊಡದೆ ನಾನೇ ಹಾಕಬೇಕು ಎಂದು ಹಟ. ಗುರುಮಠಕಲ್ಲಿಗೆ ಮದುವೆ ಮಾಡಿಕೊಟ್ಟ ಮಗಳಿಗೆ ಫೋನು ಹಚ್ಚಿ, ಅವಳಿಂದ ಆನ್‌ಲೈನಿನಲ್ಲಿ ಒಂದು ಜೋಡಿ ತರಿಸಲು ಹೇಳಿದೆ. ಪಾರ್ಸಲ್ಲು ಶಹಾಪುರಕ್ಕೆ ಬಂದು ಮುಟ್ಟಲು ಎಂಟು ದಿನ ಹಿಡಿಯಿತು.

ಆ ಎಂಟು ದಿನ ನಾನು ಸುಮ್ಮನೆ ಕೂರಲಿಲ್ಲ. ದಿನಾ ಸಂಜೆ ಬಾಗಿಲು ಬಿಚ್ಚುವುದು, ಧೂಳು ತೆಗೆಯುವುದು, ವೈರು ಪರೀಕ್ಷೆ ಮಾಡುವುದು. ಅವಳನ್ನು ಎಡಗಡೆ ಸೀಟಿನಲ್ಲಿ ಕೂರಿಸುತ್ತಿದ್ದೆ. ಅವಳು ಮೊರದಲ್ಲಿ ತೊಗರಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ ಕೂರುತ್ತಿದ್ದಳು. ನಾನು ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಂದು ವೈರು ಮುಟ್ಟಿಸಿ, "ಈಗ?" ಎನ್ನುತ್ತಿದ್ದೆ. ಇನ್ನೊಂದು ಮುಟ್ಟಿಸಿ, "ಈಗ ಹ್ಯಾಂಗ ಅನಸ್ತದ?" ಎನ್ನುತ್ತಿದ್ದೆ. ಅವಳು ಯೋಚಿಸಿ ಉತ್ತರ ಹೇಳುತ್ತಿದ್ದಳು. ನಡುನಡುವೆ ಶಾಲೆಯ ಮಾತು. ಕೈಯಲ್ಲಿ ಕೆಲಸವಿದ್ದಾಗ ನನಗೂ ಬಾಯಿ ಬರುತ್ತದೆ. ಕ್ಯಾಂಪಿನ ಹಳೆಯ ಕತೆಗಳನ್ನು ಹೇಳಿದೆ. ಮಳೆಗಾಲದಲ್ಲಿ ಗೇಟಿನ ಮೋಟರು ಕೈಕೊಟ್ಟು, ನಾಲ್ಕು ಮಂದಿ ಸೇರಿ ಕೈಯಿಂದಲೇ ಗೇಟು ಎತ್ತಿದ್ದು, ಅದರಲ್ಲಿ ಒಬ್ಬ ಹೆದರಿ ಅತ್ತದ್ದು, ಹಾಗೆ ಅತ್ತವನು ನಾನೇ ಎಂಬುದು ಕೂಡ. ಅವಳು ಮೊರ ಪಕ್ಕಕ್ಕಿಟ್ಟು ಕೇಳಿದಳು. ನಾನು ಮಾತಾಡುವಾಗಲೆಲ್ಲ ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕತೆಯ ರುಚಿಗೆ ಹಾಗೆ ನೋಡುತ್ತಾಳೆ ಎಂದುಕೊಂಡೆ. ಎಡಗಿವಿಯನ್ನು ನನ್ನ ಕಡೆಗೆ ತರುತ್ತಿದ್ದಳು, ಅಷ್ಟೆ.

ನಾಲ್ಕೈದು ದಿನವಾದ ಮೇಲೆ ಒಂದು ಸಂಜೆ ಅವಳು ಹೇಳಿದಳು, "ಕಿವ್ಯಾಗ ಗುಂಯ್ ಗುಂಯ್ ಅನ್ನಾಕತ್ತದ್ರಿ."

"ಕೋನ್ ಹರದದಲ್ಲ, ಅದಕ್ಕ."

"ಹಾಡ ಬಂದ್ ಇದ್ದಾಗೂ ಅಂತದ."

"ದಿನಾ ಅದೇ ಹರಕ ಸಪ್ಳ ಕೇಳಿ ಕಿವ್ಯಾಗ ಕುಂತದ. ಹೊಸಾವು ಬಂದ್ರ ಹೋಗ್ತದ, ಬಿಡು."

ಅವಳು ಬಿಟ್ಟಳು. ಮತ್ತೆ ಆ ಮಾತು ತೆಗೆಯಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಬಲಗಿವಿಯಲ್ಲಿ ಹತ್ತಿ. ಏನೆಂದು ಕೇಳಿದೆ. ಪಕ್ಕದ ಮನೆಯ ದೊಡ್ಡಮ್ಮ ಹೇಳಿದ್ದಕ್ಕೆ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡಿದ್ದೇನೆ, ಶೀತ ಆಗಿರಬೇಕು ಎಂದಳು. ಅದಕ್ಕೆ ನಾನು ಹೇಳಿದ್ದು ಇಷ್ಟು: "ಹಂಗಾದ್ರ ಇವತ್ತ ಟೆಸ್ಟ್ ಬ್ಯಾಡ. ಹತ್ತಿ ತಗದ ಮ್ಯಾಲ ಮಾಡೋಣು."

ಈ ಮಾತನ್ನು ಬರೆಯಲೋ ಬೇಡವೋ ಎಂದು ತುಂಬ ಹೊತ್ತು ಕೂತಿದ್ದೆ. ಆಡಿದವನು ನಾನೇ ಆದ್ದರಿಂದ ಬರೆದಿದ್ದೇನೆ.

ಪಾರ್ಸಲ್ಲು ಬಂತು. ಹೊಸ ಸ್ಪೀಕರು ಅಂಗೈ ಅಗಲ, ಮ್ಯಾಗ್ನೆಟ್ಟು ಗಟ್ಟಿ, ನೋಡಲು ಭಾರಿ ಚೆಂದ. ಆದರೆ ಬಾಗಿಲಲ್ಲಿ ಕೂರಿಸಿ ಗಾಜು ಇಳಿಸಿದರೆ ಗಾಜಿನ ಅಂಚು ಮ್ಯಾಗ್ನೆಟ್ಟಿಗೆ ಬಡಿಯಿತು. ಸ್ಪೀಕರನ್ನು ಮುಂದಕ್ಕೆ ತರಬೇಕಿತ್ತು. ಬಡಿಗೇರರ ಅಂಗಡಿಗೆ ಹೋಗಿ ಪ್ಲೈವುಡ್ಡಿನಲ್ಲಿ ಎರಡು ರಿಂಗು ಕೊಯ್ಯಲು ಹೇಳಿದೆ. ಅವರು ಯಾರದೋ ಮದುವೆಯ ಮಂಚದ ಕೆಲಸ ಹಿಡಿದಿದ್ದರು. ನಾಳೆ ಬರ್ರಿ, ನಾಡಿದ್ದು ಬರ್ರಿ ಎಂದು ನಾಲ್ಕು ದಿನ ಕಳೆಯಿತು. ನಾಲ್ಕು ದಿನವೂ ನಾನು ಅಂಗಡಿಯ ಮುಂದೆ ಹೋಗಿ ನಿಂತು ತಗಾದೆ ಮಾಡಿದೆ. ಒಂದು ಸ್ಪೀಕರಿಗಾಗಿ ಅಷ್ಟು ಅವಸರ ಮಾಡಿದವನು, ಒಂದು ಕಿವಿಗಾಗಿ ಒಂದು ಹೆಜ್ಜೆ ಇಡಲಿಲ್ಲ.

ಎರಡನೆಯ ಭಾನುವಾರ ರಿಂಗು ಕೂರಿಸಿ, ಬಲಗಡೆಯದನ್ನೂ ಎಡಗಡೆಯದನ್ನೂ ಬಿಗಿದೆ. ಹಾಡು ಹಚ್ಚಿದರೆ ಟೊಳ್ಳು ಸಪ್ಪಳ. ದಪ್ಪ ದನಿಯೇ ಇಲ್ಲ, ಹಾಡುವವರು ತೊಟ್ಟಿಯೊಳಗೆ ಕೂತು ಹಾಡಿದ ಹಾಗೆ. ಒಂದು ಕಡೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ ಎಂದು ನನಗೆ ತಕ್ಷಣ ತಿಳಿಯಿತು. ಹಾಗಾದರೆ ಒಂದು ಸ್ಪೀಕರಿನ ಸಪ್ಪಳವನ್ನು ಇನ್ನೊಂದು ತಿಂದುಹಾಕುತ್ತದೆ. ಆದರೂ ಅವಳನ್ನು ಕೇಳಿದೆ.

"ಹ್ಯಾಂಗ ಅದ?"

"ಚೊಲೊ ಅದ್ರಿ. ಭಾಳ ಚೊಲೊ ಆಗ್ಯಾದ."

ನನಗೆ ಸಿಟ್ಟು ಬಂತು. "ಏನ್ ಚೊಲೊ? ತಪ್ಪ ಹಚ್ಚೀನಿ ನಾನು! ಇಷ್ಟೂ ತಿಳ್ಯಂಗಿಲ್ಲೇನ್ ನಿನಗ? ಕಿವಿ ಎಲ್ಲಿ ಇಟ್ಟೀದಿ?"

ಅವಳು ನಕ್ಕು, ಮೊರ ಎತ್ತಿಕೊಂಡು ಒಳಗೆ ಹೋದಳು. ನನ್ನ ಬೆರಳ ಗೆಣ್ಣುಗಳು ಬಾಗಿಲಿನ ತಗಡಿಗೆ ತರಚಿ ರಕ್ತ ಬಂದಿತ್ತು. ಅದನ್ನು ನೋಡಿದ್ದಳು. ಒಂದು ನಿಮಿಷದ ಮೇಲೆ ಅರಿಸಿನ ತಂದು ಹಚ್ಚಿ ಹೋದಳು. ನಾನು ವೈರು ಬದಲಿಸುತ್ತ ಕೂತೆ.

ಹದಿನೆಂಟನೆಯ ದಿನ ಗುರುವಾರ. ಹಿಂದಿನ ಸಂಜೆ ಕೆಲಸವೆಲ್ಲ ಮುಗಿದು, ಪ್ಲಾಸ್ಟಿಕ್ ಹಲಗೆ ಹಾಕಿ, ಹೊಸ ಕ್ಲಿಪ್ಪು ಒತ್ತಿ, ಬಾಗಿಲು ಮುಚ್ಚಿದ್ದೆ. ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಸುರಪುರದ ಕಡೆಗೆ ಹೊರಟಾಗ ನಾನು ರಾಜನಂತೆ ಕೂತಿದ್ದೆ. ಸಪ್ಪಳ ನಿಜಕ್ಕೂ ಸೊಗಸಾಗಿತ್ತು. ತಬಲದ ಒಂದೊಂದು ಏಟು ಬಿಡಿಬಿಡಿಯಾಗಿ ಬರುತ್ತಿತ್ತು. ಹತ್ತಿಗುಡೂರು ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಅವಳು ಎಡಗಡೆ ಗಾಜು ಪೂರ್ತಿ ಇಳಿಸಿ, ಗಾಳಿಗೆ ಮುಖ ಕೊಟ್ಟು ಹೊಲಗಳನ್ನು ನೋಡುತ್ತಿದ್ದಳು. ಒಂದೊಂದೇ ಸ್ಪೀಕರನ್ನು ಬೇರೆ ಬೇರೆ ಕೇಳೋಣ ಎನಿಸಿತು. ಹಾಡು ನಿಲ್ಲಿಸದೆ, ಸಪ್ಪಳವನ್ನೆಲ್ಲ ನನ್ನ ಕಡೆಯ ಬಾಗಿಲಿಗೆ ತಿರುಗಿಸಿದೆ. ಬಲಗಡೆಯದು ಖಡಕ್ಕಾಗಿ ಹಾಡುತ್ತಿತ್ತು. ನನ್ನ ಕೈಯ ಕೆಲಸಕ್ಕೆ ನಾನೇ ಮೆಚ್ಚಿ ತಲೆದೂಗಿದೆ.

ಅವಳು ತಿರುಗಿ, "ಹಾಡ ಯಾಕ ಬಂದ್ ಮಾಡಿದ್ರಿ? ಇರ್ಲಿ, ಹಚ್ಚ್ರಿ," ಎಂದಳು.

ಹಾಡು ನಡೆದೇ ಇತ್ತು.

ಆಗಲೂ, ದೇವರಾಣೆ, ನನ್ನ ಕೈ ಮೊದಲು ಹೋದದ್ದು ವೈರಿನ ಕಡೆಗೆ. ಕಾರು ಪಕ್ಕಕ್ಕೆ ಹಾಕಿ, ಇಳಿದು, ಬಾಗಿಲಿಗೆ ಕಿವಿ ಹಚ್ಚಿ ನೋಡಿದೆ. ಸ್ಪೀಕರು ಹಾಡುತ್ತಿತ್ತು. ಬಾಗಿಲ ಕಿಟಕಿಯಿಂದ ಅವಳ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಏನಾಯಿತೆಂದು ಅವಳಿಗೆ ನನಗಿಂತ ಮೊದಲು ತಿಳಿದಿತ್ತು. ನಾನು ಮತ್ತೆ ಒಳಗೆ ಕೂತು, ಹಾಡು ನಿಲ್ಲಿಸಿ, ಗಾಜು ಏರಿಸಿ, ನನ್ನ ಫೋನಿನಿಂದ ಮಗಳಿಗೆ ರಿಂಗು ಕೊಟ್ಟು ಅವಳ ಕೈಗಿಟ್ಟೆ.

"ಬಲಗಿವಿಗಿ ಹಿಡಿ."

ಹಿಡಿದಳು. ಆ ಕಡೆಯಿಂದ ಮಗಳು ಹಲೋ, ಹಲೋ ಎನ್ನುವುದು ಪಕ್ಕದಲ್ಲಿ ಕೂತ ನನ್ನ ಮೊಂಡು ಕಿವಿಗೂ ಕೇಳಿಸುತ್ತಿತ್ತು. ಅವಳು ಸುಮ್ಮನೆ ಫೋನು ಹಿಡಿದುಕೊಂಡು, ನನ್ನ ತುಟಿಯ ಕಡೆ ನೋಡುತ್ತಿದ್ದಳು.

"ಎಷ್ಟ ದಿನ ಆತು?" ಎಂದೆ.

"ಹದಿನೈದು ದಿನದ ಮ್ಯಾಲಾತ್ರಿ."

"ಯಾಕ ಹೇಳಲಿಲ್ಲ?"

"ಶೀತ ಅಂತ ತಿಳಕೊಂಡಿದ್ದೆ," ಎಂದಳು. ನಂತರ ಫೋನನ್ನು ಎಡಗಿವಿಗೆ ಇಟ್ಟುಕೊಂಡು ಮಗಳಿಗೆ, "ಏನಿಲ್ಲವ್ವ, ಕೈ ತಾಗಿ ಫೋನ್ ಹತ್ತ್ಯಾದ," ಎಂದಳು.

ಅಲ್ಲಿಂದಲೇ ಕಾರು ತಿರುಗಿಸಿ, ಶಹಾಪುರ ದಾಟಿ, ಯಾದಗಿರಿಗೆ ಹೋದೆವು. ಕಿವಿ ಡಾಕ್ಟರ ಬಳಿ ಒಂದು ಸಣ್ಣ ಖೋಲಿಯಿತ್ತು. ಗೋಡೆಗೆಲ್ಲ ಮೆತ್ತೆ, ನಡುವೆ ಗಾಜಿನ ಕಿಟಕಿ. ಅವಳನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸಪ್ಪಳ ಕೇಳಿದಾಗಲೆಲ್ಲ ಕೈ ಎತ್ತಲು ಹೇಳಿದರು. ನಾನು ಗಾಜಿನ ಈಚೆ ನಿಂತಿದ್ದೆ. ಎಡಗಿವಿಯ ಪಾಳಿ ಬಂದಾಗ ಅವಳು ತನ್ನ ಶಾಲೆಯ ಜಾಣ ಮಕ್ಕಳ ಹಾಗೆ ಮತ್ತೆ ಮತ್ತೆ ಕೈ ಎತ್ತಿದಳು. ಆಮೇಲೆ ಬಲಗಿವಿಗೆ ಬದಲಿಸಿದರು. ಅವಳ ಕೈ ತೊಡೆಯ ಮೇಲೆ ಕೂತಿತ್ತು. ಯಂತ್ರದ ಮುಂದೆ ಕೂತಿದ್ದ ಹುಡುಗಿ ಗುಂಡಿ ತಿರುಗಿಸುತ್ತ ಹೋದಳು, ತಿರುಗಿಸುತ್ತ ಹೋದಳು. ಕೈ ಮೇಲೆ ಬರಲಿಲ್ಲ. ಎತ್ತು ಮಾರಾಯ್ತಿ, ಸುಳ್ಳಾದರೂ ಒಂದು ಸಲ ಎತ್ತು ಎಂದು ನಾನು ಗಾಜಿನ ಈಚೆ ಬೇಡಿಕೊಂಡೆ. ನನ್ನ ತಪ್ಪು ವೈರಿಗೆ ಚೊಲೊ ಅಂದವಳು ಅಲ್ಲಿ ಮಾತ್ರ ಸುಳ್ಳು ಹೇಳಲಿಲ್ಲ.

ಡಾಕ್ಟರು ಒಳ್ಳೆಯವರು. ಬೈಯಲಿಲ್ಲ. "ಹಿಂಗ ಒಮ್ಮಿಗಲೇ ಕಿವಿ ಹೋಗೋದದಲ್ಲ, ಇದಕ್ಕ ಮೊದಲನೇ ವಾರದಾಗ ಬಂದ್ರ ಗುಳಿಗಿ ಹತ್ತತಾವ್ರಿ. ಬಂದಿದ್ರ ಉಳೀತಿತ್ತು ಅಂತ ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ಎಷ್ಟ ಜಲ್ದಿ ಬಂದ್ರ ಅಷ್ಟ ಚೊಲೊ," ಎಂದರು. ಗುಳಿಗೆ ಕೊಟ್ಟರು. ಆಮೇಲೆ ಕಿವಿಯ ಪರದೆಯ ಮೂಲಕ ಒಳಗೆ ಸೂಜಿಮದ್ದನ್ನೂ ಹಾಕಿದರು. ಎರಡು ತಿಂಗಳು ಯಾದಗಿರಿಗೆ ಓಡಾಡಿದೆವು. ಕಿವಿ ತಿರುಗಿ ಬರಲಿಲ್ಲ. ಗುಂಯ್ ಎನ್ನುವ ಸಪ್ಪಳ ಮಾತ್ರ ಅಲ್ಲೇ ಮನೆ ಮಾಡಿತು.

ಡಾಕ್ಟರು ಖಾತ್ರಿ ಇಲ್ಲ ಅಂದದ್ದನ್ನು ನಾನು ಎಷ್ಟು ಸಲ ಹೇಳಿಕೊಂಡರೂ ಮನಸ್ಸಿಗೆ ಹತ್ತುವುದಿಲ್ಲ. ಪಾರ್ಸಲ್ಲಿಗಾಗಿ ಕಾದ ದಿನಗಳೇ ಆ ಮೊದಲನೇ ವಾರ. ಗುಂಯ್ ಅನ್ನುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ವಾರದಲ್ಲಿ.

ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಬೋರ್ಡಿನ ಕಡೆ ಮುಖ ಮಾಡಿದರೆ ಹಿಂದೆ ಯಾರು ಮಾತಾಡಿದರು ಎಂದು ಈಗ ತಿಳಿಯುವುದಿಲ್ಲ, ಸಪ್ಪಳ ಯಾವ ದಿಕ್ಕಿನಿಂದ ಬಂತು ಎಂಬುದೇ ಗೊತ್ತಾಗುವುದಿಲ್ಲ ಎಂದು ಒಂದು ದಿನ ಹೇಳಿದಳು. ಪಾಟಿ ತೋರಿಸಲು ಬರುವ ಮಕ್ಕಳು ತಾವಾಗಿಯೇ ಎಡಗಡೆ ಸಾಲು ನಿಲ್ಲಲು ಕಲಿತವಂತೆ. ಆರು ವರ್ಷದ ಮಕ್ಕಳಿಗೆ ಒಂದು ವಾರದಲ್ಲಿ ತಿಳಿದದ್ದು ಅದು. ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ಎರಡು ಸಲ ಆಯಿತು. ಆಮೇಲೆ ನಾನು ಒಲೆಯ ಮುಂದೆ ನಿಲ್ಲತೊಡಗಿದೆ.

ಕಾರಿನಲ್ಲಿ ಅವಳು ಮಾತು ಕಡಿಮೆ ಮಾಡಿದಳು. ನಾನು ಕೂರುವುದು ಅವಳ ಬಲಗಡೆ. ಇಂಜಿನ್ ಸದ್ದು, ಗಾಳಿ, ಲಾರಿಗಳ ನಡುವೆ ನನ್ನ ಹೂಂ ಅವಳನ್ನು ಮುಟ್ಟುತ್ತಿರಲಿಲ್ಲ. ಹೇಳಿದ್ದು ಕೇಳಿತೋ ಇಲ್ಲವೋ ಎಂದು ತಿಳಿಯದೆ ಎಷ್ಟು ಹೊತ್ತು ಅಂತ ಮಾತಾಡಿಯಾಳು? ಹೊಸ ಸ್ಪೀಕರುಗಳನ್ನು ನಾನು ಮತ್ತೆ ಹಚ್ಚಲಿಲ್ಲ. ಹಾಡು ಹಚ್ಚಿದರೆ ಇದ್ದ ಒಂದು ಕಿವಿಗೂ ಮಾತು ಕೇಳುವುದಿಲ್ಲ. ಇಷ್ಟು ಕಷ್ಟಪಟ್ಟು ಕೂರಿಸಿದ ಆ ಎರಡೂ ಬಾಗಿಲೊಳಗೆ ಬಾಯಿ ಮುಚ್ಚಿಕೊಂಡು ನಮ್ಮ ಜೊತೆ ಹೋಗಿ ಬರುತ್ತಿದ್ದವು.

ನಾನು ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಿದೆ ಕೂಡ, ಒಂದಲ್ಲ, ಹತ್ತು ಸಲ. ಆದರೆ ಹೇಗೆ ಹೇಳಿದೆ ಎಂಬುದೇ ನಾಚಿಕೆಯ ಸಂಗತಿ. ಸಂಜೆ ಕಟ್ಟೆಯ ಮೇಲೆ ಕೂತಾಗ, ಕಾರು ಓಡಿಸುವಾಗ, ಅವಳ ಬಲಗಡೆಯಿಂದ, ಮೆಲ್ಲಗೆ. "ತಪ್ಪಾತು ನಂದು," ಎಂದು ಆ ಸತ್ತ ಕಿವಿಗೆ ಹೇಳಿ, ಅವಳ ಮುಖ ನೋಡುತ್ತಿದ್ದೆ. ಕೇಳಿಲ್ಲ ಎಂದು ಖಾತ್ರಿಯಾದ ಮೇಲೆ ಉಸಿರು ಬಿಡುತ್ತಿದ್ದೆ. ಎಡಗಡೆಗೆ ಹೋಗಿ ನಿಂತು ಹೇಳಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ವರ್ಷ ಬೇಸಿಗೆ ರಜೆಯಲ್ಲಿ ಅವಳೇ ಒಂದು ದಿನ ಕಾರಿನ ಬಲಗಡೆಗೆ ಬಂದು ನಿಂತಳು.

"ನನಗ ಗಾಡಿ ಹೊಡಿಯೋದು ಕಲಸ್ರಿ."

"ಈ ವಯಸ್ಸಿನಾಗ?"

"ನಾ ಈ ಕಡಿ ಕುಂತು, ನೀವು ಆ ಕಡಿ ಕುಂತ್ರ ನಿಮ್ಮ ಮಾತು ನನಗ ಕೇಳಸ್ತದ. ಇಲ್ಲಂದ್ರ ಇಬ್ರೂ ಮೂಕರಾಗಿ ಎಷ್ಟ ದಿನ ಅಡ್ಡಾಡೋದು?"

ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ. ಡಾಕ್ಟರನ್ನು ಕೇಳಿದೆವು. ಒಂದು ಕಿವಿ ಚೆನ್ನಾಗಿದೆ, ಕನ್ನಡಿ ನೋಡಿಕೊಂಡು ಹೋದರೆ ಅಡ್ಡಿಯಿಲ್ಲ ಎಂದರು. ಭೀಮರಾಯನಗುಡಿ ಕ್ಯಾಂಪಿನ ಅಗಲವಾದ ಖಾಲಿ ರಸ್ತೆಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಲಿಸಿದೆ. ನನ್ನ ಹಳೆಯ ಸಹೋದ್ಯೋಗಿಗಳು ನಿಂತು ನೋಡಿ ನಕ್ಕರು. ಕ್ಲಚ್ಚು ಬಿಡುವಾಗ ಇಬ್ಬರ ತಲೆಯೂ ಮುಂದಕ್ಕೆ ಬಡಿಯುತ್ತಿತ್ತು. ನಾನು ಎಂದಿನಂತೆ ಸಿಟ್ಟಾದೆ. "ಬೈಬ್ಯಾಡ್ರಿ, ಈ ಕಿವಿ ಕೇಳಸ್ತದ," ಎಂದಳು.

ಲೈಸೆನ್ಸು ಬಂತು. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವಳು ಶಹಾಪುರದಿಂದ ಶಾಲೆಯವರೆಗೆ ಮೊದಲ ಸಲ ತಾನೇ ಕಾರು ಓಡಿಸಿದಳು. ನಾನು ಎಡಗಡೆ, ಅವಳು ಅಷ್ಟು ದಿನ ಕೂತಿದ್ದ ಸೀಟಿನಲ್ಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಸ್ಟೀರಿಂಗು ಗಟ್ಟಿ ಹಿಡಿದಿದ್ದಳು. ಅವಳ ಎಡಗಿವಿ ನನ್ನ ಪಕ್ಕದಲ್ಲೇ ಇತ್ತು. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹತ್ತಿಗುಡೂರು ದಾಟಿದ ಮೇಲೆ, ಹಿಂದೆ ನಾನು ಕಾರು ನಿಲ್ಲಿಸಿದ್ದ ಆ ಜಾಗ ಬಂದಾಗ, ಹೇಳಿದೆ.

"ತಪ್ಪಾತು ನಂದು. ಆ ಹದಿನೆಂಟ ದಿನ ಬಾಗಲಾ ಬಿಚ್ಚಿಕೋಂತ ಕುಂತೆ. ನಿನ್ನ ಕಡಿ ನೋಡಲಿಲ್ಲ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಎದುರಿನಿಂದ ಬಂದ ಲಾರಿಗೆ ದಾರಿ ಬಿಟ್ಟು, ಗೇರು ಬದಲಿಸಿ ಹೇಳಿದಳು.

"ನಂದೂ ತಪ್ಪದ. ನನಗ ನಾಕನೇ ದಿನಕ್ಕ ಗೊತ್ತಾಗಿತ್ತು, ಕೆಟ್ಟದ್ದು ಸ್ಪೀಕರ್ ಅಲ್ಲ, ಕಿವಿ ಅಂತ. ಒಮ್ಮಿ ಹೇಳಿ ನೋಡಿದೆ. ಆಮ್ಯಾಲ ಬೇಕಂತೇ ಸುಮ್ಮ ಕುಂತೆ."

"ಯಾಕ?"

"ಮೂವತ್ತೊಂದು ವರ್ಷ ಆತು ನಮ್ಮ ಮದಿವ್ಯಾಗಿ. ನನಗ ಎದುರಿಗಿ ಕೂಡ್ರಿಸಿಕೊಂಡು, ನಿನಗ ಹ್ಯಾಂಗ ಅನಸ್ತದ, ನಿನಗ ಹ್ಯಾಂಗ ಅನಸ್ತದ ಅಂತ ನೀವು ದಿನಾ ಕೇಳಿದ್ದು ಆ ಹದಿನೆಂಟ ದಿನನೇ. ಗೇಟ ಎತ್ತೂವಾಗ ಅತ್ತದ್ದು ಹೇಳಿದ್ರಿ. ಕಿವಿ ಕೆಟ್ಟದ ಅಂದ್ರ ನೀವು ಬಾಗಲಾ ಮುಚ್ಚಿ ಎದ್ದು ಹೋಗ್ತಿದ್ರಿ. ಇನ್ನೊಂದೆರಡು ದಿನ ಹಿಂಗೇ ನಡೀಲಿ, ಆಮ್ಯಾಲ ಹೇಳಿದ್ರಾತು ಅಂತ ಮಾಡಿದ್ದೆ."

ಅಳು ಬಂತು, ಅತ್ತೆ. ಗೇಟಿನ ಮುಂದೆ ಅತ್ತದ್ದು ಬಿಟ್ಟರೆ ಅದೇ. ನನ್ನ ನಾಲ್ಕು ಮಾತಿಗಾಗಿ ಇವಳು ಒಂದು ಕಿವಿ ಕೊಟ್ಟಳಲ್ಲ. ಆ ಮಾತನ್ನು ನಾನು ಮೊದಲೇ, ಸುಮ್ಮನೆ, ಕೇಳದೆಯೇ ಕೊಡಬಹುದಾಗಿತ್ತಲ್ಲ.

ಅವಳು ತಿರುಗಿ ನೋಡಲಿಲ್ಲ. ಹೊಸದಾಗಿ ಕಲಿತವಳು, ನೋಡುವಂತಿರಲಿಲ್ಲ.

"ಅಳಬ್ಯಾಡ್ರಿ, ನನಗ ಗಾಡಿ ಹೊಡಿಯಾಕ ಆಗಂಗಿಲ್ಲ. ಏನರ ಮಾತಾಡ್ರಿ, ಸಾಲಿ ಬರೂತನ."

ಕಣ್ಣು ಒರೆಸಿಕೊಂಡೆ. ಏನು ಮಾತಾಡುವುದು ಎಂದು ಹುಡುಕಿದೆ. ಕಿಟಕಿಯ ಹೊರಗೆ ಕಾಲುವೆಯ ನೀರು ಕುಡಿದ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು.

"ಭತ್ತ ನಾಟಿ ಮಾಡಾಕತ್ತಾರ," ಎಂದೆ.

"ಹೂಂ," ಎಂದಳು ಅವಳು. "ಮುಂದ?"